ಕುದುರೆಮುಖದ ಗಣಿ ನೋಡಿಬಂದೆವು
(ಸಂಘದ ಸದಸ್ಯರೊಬ್ಬರಿಂದ)

ಮಹಾನವಮಿ ಕಳೆದ ಮರುವಾರ ನಮ್ಮ ಸಂಘದ ಹನ್ನೊಂದು ಮಂದಿ, ಏಳು ಮೋಟಾರು ಸೈಕಲ್ಲುಗಳ ಮೇಲೆ, ಕುದುರೆಮುಖದ ನಿಂತುಹೋದ ಕಬ್ಬಿಣದ ಗಣಿಯನ್ನು ನೋಡಿಕೊಂಡು ಬಂದೆವು. ಬೋರ್ಡೋ ಹೊಡೆಯುವ ಕೆಲಸ ಮುಗಿದಿತ್ತು. ಅಡಿಕೆ ಕೊಯ್ಲಿಗೆ ಕೊನೆಗಾರರು ಬರಲು ಇನ್ನೂ ಹತ್ತು ದಿನವಿತ್ತು. ಕಾಫಿ ಹಣ್ಣಿಗೆ ಬಣ್ಣ ತಿರುಗಿರಲಿಲ್ಲ. ಬೆಳೆಗಾರನಿಗೆ ವರ್ಷದಲ್ಲಿ ಸಿಗುವ ಬಿಡುವೆಂದರೆ ಇಷ್ಟೇ. ಅದರಲ್ಲಿ ಒಂದು ದಿನವನ್ನು ಹೀಗೆ ಕಳೆದೆವು.

"ಗಣಿ ನೋಡಲು ಹೋಗುವುದೆಂದರೇನು, ಅದೇನು ದೇವಸ್ಥಾನವೇ?" ಎಂದು ಮನೆಯಲ್ಲಿ ಕೇಳಿದರು. ಪ್ರಶ್ನೆ ಸರಿಯಾದದ್ದೇ. ಹೊರನಾಡಿಗೆ ಹೋಗುವವರು ಊಟ ಮಾಡಿ ಪ್ರಸಾದ ತರುತ್ತಾರೆ. ಗಣಿಗೆ ಹೋದವರು ಏನು ತಂದಾರು? ಆದರೆ ನಮ್ಮ ಹೊಳೆಯ ಮೇಲ್ಭಾಗದಲ್ಲಿ ಇಪ್ಪತ್ತೈದು ವರ್ಷ ಹಗಲಿರುಳು ನಡೆದು, ಆಮೇಲೆ ಒಂದೇ ದಿನದಲ್ಲಿ ನಿಂತುಹೋದ ಅಷ್ಟು ದೊಡ್ಡ ಕಾರ್ಖಾನೆಯನ್ನು ಹೊಳೆಯ ಕೆಳಭಾಗದ ನಾವು ಒಮ್ಮೆಯೂ ಹತ್ತಿರದಿಂದ ನೋಡಿರಲಿಲ್ಲ. ಅದೇ ಆಶ್ಚರ್ಯ.

ಹೊರಡುವ ಮೊದಲೇ ಇನ್ನೊಂದು ಮಾತನ್ನು ಹೇಳಿಬಿಡಬೇಕು. ಈ ಪ್ರವಾಸದ ಯೋಜನೆ ನನ್ನದಲ್ಲ, ನನ್ನ ಮಗನದು. ಆಗ ನಮ್ಮಿಬ್ಬರ ನಡುವೆ ಒಂದು ತಿಂಗಳಿಂದ ಸರಿಯಾದ ಮಾತಿರಲಿಲ್ಲ. ನಮ್ಮ ಕೆಳಗಿನ ಅಡಿಕೆ ತೋಟಕ್ಕೆ ಹಳದಿ ಎಲೆ ರೋಗ ಹಿಡಿದು ವರ್ಷಗಳಾದುವು. ಈಚೆಗೆ ಎಲೆಚುಕ್ಕೆಯೂ ಸೇರಿಕೊಂಡಿದೆ. ಈ ಕಷ್ಟವನ್ನು ಕಳಸ, ಕೊಪ್ಪ, ಶೃಂಗೇರಿ ಕಡೆಯ ಸದಸ್ಯರಿಗೆ ನಾನು ವಿವರಿಸಬೇಕಾಗಿಲ್ಲ. ಮನೆಯ ಹಿಂದೆ ನಮ್ಮ ಹಿಡುವಳಿಯದೇ ಮೂರೆಕರೆ ಗುಡ್ಡದ ಓರೆ ಇದೆ. ಅಲ್ಲಿ ಮರ ಕಡಿದು, ಜೆಸಿಬಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ, ಹೊಸ ಅಡಿಕೆ ಹಾಕಬೇಕೆಂದು ಮಗನ ಹಟ. ಯಂತ್ರದವನಿಗೆ ದೀಪಾವಳಿ ಕಳೆದ ಮೇಲೆ ಬರಲು ಹೇಳಿಯೂ ಆಗಿತ್ತು. "ಇರುವ ತೋಟ ಸಾಯುತ್ತಿದೆ ಅಪ್ಪಯ್ಯ, ಹೊಸದು ಮಾಡದೆ ನಾನು ಏನು ತಿನ್ನಲಿ?" ಎಂದು ಅವನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಬೇಡವೆಂದು ಮಾತ್ರ ಹೇಳಿದ್ದೆ.

ಹೊರಟ ಬಗೆ

ಬೆಳಿಗ್ಗೆ ಏಳಕ್ಕೆ ಕಳಸದ ಬಸ್ ನಿಲ್ದಾಣದ ಹತ್ತಿರ ಎಲ್ಲರೂ ಸೇರಿದೆವು. ಹೋಟೆಲಿನಲ್ಲಿ ಬನ್ಸ್ ಮತ್ತು ಕಾಫಿ ಆಯಿತು. ಗಾಡಿಗಳಲ್ಲಿ ಮೂರು ಬುಲೆಟ್, ಹುಡುಗರ ಮೂರು ಹೊಸ ಗಾಡಿ, ಮತ್ತು ನನ್ನ ಹಳೆಯ ಯೆಜ್ಡಿ. ಯೆಜ್ಡಿಯನ್ನು ನೋಡಿ ಹುಡುಗರು ನಕ್ಕರು. ಮೈಸೂರಿನ ಯಾದವಗಿರಿಯಲ್ಲಿ ಅದನ್ನು ಮಾಡುತ್ತಿದ್ದ ಕಾರ್ಖಾನೆ 1996ರಲ್ಲೇ ಮುಚ್ಚಿತು. 2022ರಲ್ಲಿ ಅದೇ ಹೆಸರಿನ ಹೊಸ ಗಾಡಿ ಮಾರುಕಟ್ಟೆಗೆ ಬಂದಿದೆ, ಆದರೆ ಆ ಹಳೆಯ ಕಾರ್ಖಾನೆ ತೆರೆಯಲಿಲ್ಲ. ಮುಚ್ಚಿದ ಕಾರ್ಖಾನೆಯ ಗಾಡಿ ಹತ್ತಿ ಮುಚ್ಚಿದ ಗಣಿ ನೋಡಲು ಹೊರಟವನು ನಾನೊಬ್ಬನೇ.

ನನ್ನ ಹಿಂದಿನ ಸೀಟಿನಲ್ಲಿ ಕುಳಿತವರು ನನ್ನ ಅಕ್ಕನ ಗಂಡ. ಭಾವ ಆ ಗಣಿ ಕಂಪನಿಯಲ್ಲಿ 1981ರಿಂದ ಕಡೆಯತನಕ ಫಿಟ್ಟರ್ ಆಗಿದ್ದವರು. ಈಗ ಎಪ್ಪತ್ತು ದಾಟಿದೆ. "ನಾನು ಬರುವುದಿಲ್ಲ, ನೋಡಿ ಏನು ಮಾಡಲಿ" ಎಂದು ಮೊದಲು ಹೇಳಿದರು. ಹಿಂದಿನ ರಾತ್ರಿ ಅವರೇ ಫೋನು ಮಾಡಿ, "ಒಂದು ಹೆಲ್ಮೆಟ್ ಹೆಚ್ಚಿಗೆ ಇದೆಯೋ?" ಎಂದು ಕೇಳಿದರು.

ಕಳಸ ಬಿಟ್ಟು ಸಂಸೆಯ ದಾರಿ ಹಿಡಿದರೆ ಕುದುರೆಮುಖ ಊರಿಗೆ ಇಪ್ಪತ್ತು ಕಿಲೋಮೀಟರಿನ ಮೇಲೆ ಚಿಲ್ಲರೆ ಅಷ್ಟೆ. ಬೆಟ್ಟದ ಎತ್ತರ ಸುಮಾರು 1,890 ಮೀಟರ್. ಒಂದು ಕಡೆಯಿಂದ ನೋಡಿದರೆ ಕುದುರೆಯ ಮೋರೆಯಂತೆ ಕಾಣುವುದರಿಂದ ಆ ಹೆಸರು. ಕಾಫಿ ತೋಟಗಳು ಮುಗಿದು ಕಾಡು ತೊಡಗುವಲ್ಲಿ ಗಾಳಿಯ ವಾಸನೆಯೇ ಬೇರೆಯಾಗುತ್ತದೆ. ಕಣಿವೆಗಳಲ್ಲಿ ಶೋಲಾ ಕಾಡು, ಮೇಲೆ ಬೋಳು ಹುಲ್ಲುಗುಡ್ಡ. ಮಳೆ ಆಗತಾನೇ ಹಿಂದೆ ಸರಿದದ್ದರಿಂದ ಹುಲ್ಲು ಭತ್ತದ ಸಸಿಮಡಿಯಂತೆ ಹಸುರಾಗಿತ್ತು. ಇಲ್ಲಿ ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ. ನಮ್ಮ ಲೆಕ್ಕದಲ್ಲಿ ಇನ್ನೂರೈವತ್ತು ಇಂಚಿನ ಆಸುಪಾಸು. ಹತ್ತಿರದ ಗಂಗಾಮೂಲದಲ್ಲಿಯೇ ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುವುದು. ಭದ್ರೆ ಅಲ್ಲಿಂದ ಕುದುರೆಮುಖದ ಮೇಲೆ ಹಾದು, ಕಳಸ, ಹೊರನಾಡು, ಬಾಳೆಹೊನ್ನೂರುಗಳನ್ನು ಮುಟ್ಟಿ ಲಕ್ಕವಳ್ಳಿಯ ಅಣೆಕಟ್ಟಿಗೆ ಹೋಗುತ್ತಾಳೆ. ದಾರಿಯಲ್ಲಿ ನಮ್ಮ ತೋಟದ ಕೆಳಗೂ ಹಾಯುತ್ತಾಳೆ.

ಅರಣ್ಯ ಇಲಾಖೆಯ ಗೇಟಿನಲ್ಲಿ ಗಾಡಿ ನಂಬರು, ಹೊತ್ತು ಬರೆದುಕೊಂಡರು. ದಾರಿಯಲ್ಲಿ ನಿಲ್ಲಿಸಬಾರದು, ಪ್ಲಾಸ್ಟಿಕ್ ಎಸೆಯಬಾರದು, ಹಾರನ್ ಬಾರಿಸಬಾರದು ಎಂದರು. ಹುಡುಗರು ಸೈಲೆನ್ಸರಿನ ಸದ್ದು ಇಳಿಸಿದರು. ನನ್ನ ಯೆಜ್ಡಿಗೆ ಮಾತ್ರ ಆ ವಿದ್ಯೆ ಬಾರದು.

ಭಾವ ಹೇಳಿದ ಕಥೆ

ಊರಿನ ಹತ್ತಿರ ಬಂದಾಗ ಭಾವ ನನ್ನ ಭುಜ ತಟ್ಟಿ, "ನಿಧಾನ ಮಾಡು, ಅಲ್ಲಿ ನೋಡು" ಎಂದರು. ದೂರದಲ್ಲಿ ಒಂದು ಗುಡ್ಡ. ಪಕ್ಕದ ಗುಡ್ಡಗಳಿಗೆಲ್ಲ ತಲೆ ದುಂಡಗಿದ್ದರೆ ಇದಕ್ಕೆ ಮಾತ್ರ ಮೆಟ್ಟಿಲು. ದೈತ್ಯನೊಬ್ಬ ಹತ್ತಿಹೋಗಲು ಕಡಿದಂತೆ ಒಂದರ ಮೇಲೊಂದು. ಮೆಟ್ಟಿಲಿನ ಮೇಲೆ ಹುಲ್ಲು ಹಬ್ಬಿದೆ, ಅಲ್ಲಲ್ಲಿ ಗಿಡಗಂಟಿ. ನಡುನಡುವೆ ಕೆಂಪು ಕಾಣಿಸುತ್ತದೆ.

ಗಣಿಯೊಳಗೆ, ಕಾರ್ಖಾನೆಯೊಳಗೆ ಹೊರಗಿನವರನ್ನು ಬಿಡುವುದಿಲ್ಲ. ಲಕ್ಯಾ ಅಣೆಕಟ್ಟಿನ ಕಡೆಗೂ ಅನುಮತಿಯಿಲ್ಲದೆ ಹೋಗಲಾಗದು. ನಮ್ಮಲ್ಲಿ ಅನುಮತಿ ಇರಲಿಲ್ಲ, ಕಾವಲಿನವರೊಡನೆ ವಾದಿಸಲೂ ಇಲ್ಲ. ಊರಿನ ರಸ್ತೆಯ ಬದಿಯಲ್ಲಿ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ, ಮರದ ನೆರಳಲ್ಲಿ ಕುಳಿತು, ಭಾವ ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದು ಹೇಳಿದ್ದನ್ನು ಕೇಳಿದೆವು. ನನಗೆ ಪುಸ್ತಕದಿಂದ ಗೊತ್ತಿದ್ದದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಇಲ್ಲಿ ಕಬ್ಬಿಣವಿದೆ ಎಂದು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರರು ಗುರುತಿಸಿದ್ದು 1913ರಲ್ಲಿ. ಅರವತ್ತು ವರ್ಷ ಅದು ಹಾಗೆಯೇ ಇತ್ತು. ಕಾರಣ, ಇದು ಬಳ್ಳಾರಿ-ಹೊಸಪೇಟೆಯ ಅದಿರಿನಂಥದಲ್ಲ, ಕಡಿಮೆ ದರ್ಜೆಯದು. ಕಲ್ಲಿನಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಕಬ್ಬಿಣ, ಮಿಕ್ಕದ್ದೆಲ್ಲ ಬೆಣಚುಕಲ್ಲು. ಆದರೆ ಈ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವ ಜಾತಿಯದು, ಮ್ಯಾಗ್ನಟೈಟ್. ಹಾಗಾಗಿ ಹುಡಿ ಮಾಡಿ, ಅಯಸ್ಕಾಂತದಿಂದ ಎಳೆದು ತೆಗೆದರೆ ಒಳ್ಳೆಯ ಮಾಲೇ ಸಿಗುತ್ತದೆ.

1975ರ ನವೆಂಬರಿನಲ್ಲಿ ಇರಾನ್ ದೇಶದೊಡನೆ ಒಪ್ಪಂದವಾಯಿತು. ಇರಾನಿನ ದೊರೆ ತನ್ನ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಬೇಕೆಂದು 63 ಕೋಟಿ ಡಾಲರ್ ಸಾಲ ಕೊಡಲು ಒಪ್ಪಿದ. 1976ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರದ ಕಂಪನಿ ಹುಟ್ಟಿತು. ಇನ್ನೂರೈವತ್ತು ಇಂಚು ಮಳೆ ಬೀಳುವ ಕಾಡಿನಲ್ಲಿ ರಸ್ತೆ, ಊರು, ಕಾರ್ಖಾನೆ ಎದ್ದುವು. ಕೆಲಸ ಅರ್ಧವಾಗಿದ್ದಾಗ, 1979ರಲ್ಲಿ, ಇರಾನಿನಲ್ಲಿ ಕ್ರಾಂತಿಯಾಗಿ ದೊರೆ ದೇಶ ಬಿಟ್ಟ. ಕೊಡಬೇಕಾಗಿದ್ದ ಹಣದಲ್ಲಿ ಅರ್ಧಕ್ಕಿಂತ ಕಡಿಮೆ ಬಂದಿತ್ತು. ಅದಿರನ್ನು ಕೊಳ್ಳುವವನೂ ಅವನೇ ಆಗಿದ್ದ. ನಮ್ಮ ಸರ್ಕಾರ ತನ್ನ ಹಣ ಹಾಕಿ 1980ರಲ್ಲಿ ಕಾರ್ಖಾನೆ ಮುಗಿಸಿತು. ಹೊಸ ಗಿರಾಕಿಗಳನ್ನು ಹುಡುಕಿ 1981ರಲ್ಲಿ ಮೊದಲ ಹಡಗು ಕಳಿಸಿತು.

ಇಷ್ಟು ಕೇಳಿದಾಗ ನಮ್ಮಲ್ಲಿ ಹಿರಿಯರಾದ ಮೇಲ್ಮನೆಯ ಗೌಡರು, "ಒಬ್ಬನೇ ಗಿರಾಕಿಯನ್ನು ನಂಬಿದರೆ ಹೀಗೆಯೇ" ಎಂದು ತಲೆ ಆಡಿಸಿದರು. ಅವರು ಹೇಳಿದ್ದು ಗಣಿಯ ಮಾತಲ್ಲ. ಕಾಫಿ ಮಂಡಳಿಯ ಪೂಲ್ ಕಾಲದಲ್ಲಿ ನಮ್ಮ ಕಾಫಿಯ ದೊಡ್ಡ ಪಾಲು ಸೋವಿಯತ್ ದೇಶಕ್ಕೆ ಹೋಗುತ್ತಿತ್ತು. 1991ರಲ್ಲಿ ಆ ದೇಶವೇ ಇಲ್ಲವಾಯಿತು. 1996ಕ್ಕೆ ಪೂಲ್ ಪೂರ್ತಿ ಮುಗಿಯಿತು. ಆಗ ನಮ್ಮಲ್ಲಿ ಅನೇಕರು ಬೆಲೆ ಕೇಳಲು ಯಾರ ಬಾಗಿಲಿಗೆ ಹೋಗಬೇಕೆಂದು ತಿಳಿಯದೆ ನಿಂತದ್ದು ಹಳಬರಿಗೆ ನೆನಪಿರಬಹುದು.

ಕೆಲಸದ ಬಗೆಯನ್ನು ಭಾವ ಹೇಳಿದ್ದು ಹೀಗೆ. ಗುಡ್ಡವನ್ನು ಮೇಲಿನಿಂದ ಮೆಟ್ಟಿಲಾಗಿ ಸಿಡಿಸಿ ತೆಗೆದ ಕಲ್ಲನ್ನು ಮನೆಯೆತ್ತರದ ಉರುಳೆಗಳಿಗೆ ನೀರಿನೊಡನೆ ತುಂಬುವುದು. ಉರುಳೆ ತಿರುಗಿದಂತೆ ಕಲ್ಲಿಗೆ ಕಲ್ಲೇ ತಾಗಿ ತನ್ನನ್ನು ತಾನೇ ಅರೆದುಕೊಳ್ಳುತ್ತದೆ. ದೋಸೆ ಹಿಟ್ಟಿನಂತಾದ ಅದನ್ನು ಅಯಸ್ಕಾಂತದ ಡ್ರಮ್ಮುಗಳ ಮೇಲೆ ಹರಿಸಿದರೆ ಕಬ್ಬಿಣದ ಹುಡಿ ಒಂದು ಕಡೆ, ಕಸ ಇನ್ನೊಂದು ಕಡೆ. ಹುಡಿಯಲ್ಲಿ ಕಬ್ಬಿಣ ನೂರಕ್ಕೆ ಅರವತ್ತಾರು ಅರವತ್ತೇಳು. ಅದನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಬಿಟ್ಟರೆ ಘಟ್ಟ ಇಳಿದು ಪಣಂಬೂರಿನ ಬಂದರಿಗೆ ತಾನಾಗಿ ಹೋಗುತ್ತದೆ. 1987ರ ನಂತರ ಅಲ್ಲಿ ಅದರ ಒಂದು ಪಾಲನ್ನು ಗುಂಡುಗಳಾಗಿ ಕಟ್ಟಿ ಸುಡುವ ಕಾರ್ಖಾನೆಯೂ ಬಂತು. ವರ್ಷಕ್ಕೆ 75 ಲಕ್ಷ ಟನ್ ಹುಡಿ ತೆಗೆಯುವ ಸಾಮರ್ಥ್ಯ ಇದಕ್ಕಿತ್ತು.

"ಹುಡಿ ಹಡಗಿಗೆ ಹೋಯಿತು, ಕಸ ಎಲ್ಲಿ ಹೋಯಿತು ದೊಡ್ಡಪ್ಪ?" ಎಂದು ಒಬ್ಬ ಹುಡುಗ ಕೇಳಿದ.

"ಅದನ್ನೇ ಕೇಳಬೇಕಾದ್ದು" ಎಂದರು ಭಾವ. ಮೂರು ಟನ್ ಕಲ್ಲು ಅರೆದರೆ ಒಂದು ಟನ್ ಮಾಲು, ಎರಡು ಟನ್ ಕಸ. ಭದ್ರೆಗೆ ಸೇರುವ ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು ನೂರು ಮೀಟರ್ ಎತ್ತರದ ಅಣೆಕಟ್ಟು ಕಟ್ಟಿ, ಇಪ್ಪತ್ತೈದು ವರ್ಷದ ಕಸವನ್ನೆಲ್ಲ ಅದರ ಹಿಂದೆ ತುಂಬಿದರು. ಗಣಿ ನಿಂತಿದೆ, ಊರು ಖಾಲಿಯಾಗಿದೆ, ಆ ಕಸ ಮಾತ್ರ ಅಲ್ಲೇ ಇದೆ. ಅದನ್ನು ಹಿಡಿದು ಆ ಅಣೆಕಟ್ಟು ನಿಂತೇ ಇರಬೇಕು. ಮಾಲು ಮಾರಿ ಮುಗಿದರೂ ಅದರ ಕಾವಲು ಮುಗಿಯುವುದಿಲ್ಲ.

ನಿಂತದ್ದು ಹೇಗೆ

ಗಣಿಯ ಗುತ್ತಿಗೆ 1969ರಿಂದ ಮೂವತ್ತು ವರ್ಷದ್ದು, 4,604 ಹೆಕ್ಟೇರಿನದು. 1999ರ ಜುಲೈಗೆ ಅದು ತೀರಿತು. ಆಮೇಲೆ ತಾತ್ಕಾಲಿಕ ಅನುಮತಿಗಳ ಮೇಲೆ ಕೆಲಸ ನಡೆಯಿತು. ಈ ನಡುವೆ ಸುತ್ತಿನ ಕಾಡನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಮೊದಲ ಬಾರಿ ಪ್ರಕಟಿಸಿ, 2001ರಲ್ಲಿ ಅಂತಿಮವಾಗಿ ಘೋಷಿಸಿದ್ದರು. ಸುಮಾರು 600 ಚದರ ಕಿಲೋಮೀಟರ್. ಸಿಂಗಳೀಕಗಳಿಗೆ ಇದು ದೊಡ್ಡ ಆಸರೆ. ಹುಲಿಯೂ ಇದೆ.

ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರು ಈ ಗಣಿಗಾರಿಕೆ ನಿಲ್ಲಬೇಕೆಂದು ಸುಪ್ರೀಂ ಕೋರ್ಟಿಗೆ ಹೋದರು. ಕಾಡಿನ ನಾಶ, ಭದ್ರೆಗೆ ಹೂಳು ಸೇರುವುದು, ಗುತ್ತಿಗೆ ಮುಗಿದದ್ದು, ಎಲ್ಲವೂ ಅಲ್ಲಿ ವಾದಕ್ಕೆ ಬಂದುವು. ನೂರಾರು ಕುಟುಂಬಗಳ ಅನ್ನ, ದೇಶಕ್ಕೆ ಬರುವ ವಿದೇಶಿ ಹಣ, ಇವೂ ಇನ್ನೊಂದು ಪಕ್ಷದಿಂದ ಬಂದುವು. 2002ರ ಅಕ್ಟೋಬರ್ 30ರಂದು ತೀರ್ಪಾಯಿತು. 2005ರ ಕೊನೆಯವರೆಗೆ, ಮೇಲಿನ ಸವಕಲು ಅದಿರನ್ನು ತೆಗೆಯಲು ಮಾತ್ರ ಅವಕಾಶ, ಆಮೇಲೆ ಬಂದ್. ಅದರಂತೆ 2005ರ ಡಿಸೆಂಬರ್ 31ರಂದು ಗಣಿ ನಿಂತಿತು. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ ಕೆಲವು ಕಾಡುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಅದರಲ್ಲಿ ಸೇರಿತು.

"ಆ ರಾತ್ರಿ ಹೇಗಿತ್ತು ಭಾವ?" ಎಂದು ಕೇಳಿದೆ. ಇಷ್ಟು ವರ್ಷದಲ್ಲಿ ನಾನು ಕೇಳಿರಲಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಇಪ್ಪತ್ತೈದು ವರ್ಷ ಆ ಉರುಳೆಯ ಸದ್ದು ಕೇಳಿಕೊಂಡೇ ಮಲಗಿದವನು ನಾನು. ಸದ್ದು ನಿಂತ ಮೇಲೆ ವಾರಗಟ್ಟಲೆ ನಿದ್ದೆ ಬರಲಿಲ್ಲ. ನಿನ್ನ ಅಕ್ಕನಿಗೂ ಬರಲಿಲ್ಲ."

ಖಾಲಿ ಊರು

ಮಲ್ಲೇಶ್ವರದ ಹತ್ತಿರ ಕಟ್ಟಿದ ಆ ಊರಿನಲ್ಲಿ ಒಂದು ಕಾಲಕ್ಕೆ ಶಾಲೆ, ಆಸ್ಪತ್ರೆ, ಬ್ಯಾಂಕು, ಅಂಗಡಿ ಎಲ್ಲವೂ ಇದ್ದುವು. ಈಗಲೂ ಕೆಲವರು ವಾಸವಿದ್ದಾರೆ. ಆದರೆ ಸಾಲು ಸಾಲು ಮನೆಗಳಿಗೆ ಬೀಗ. ಸಿಮೆಂಟು ಶೀಟಿನ ಮೇಲೆ ಪಾಚಿ, ಕಿಟಕಿಯೊಳಗಿಂದ ಹೊರಬಂದ ಬಳ್ಳಿ. ಭಾವ ತಮ್ಮ ಮನೆಯನ್ನು ಹುಡುಕಿದರು. ಎರಡು ಸಾಲು ತಪ್ಪಿ ಮೂರನೆಯದರಲ್ಲಿ ಸಿಕ್ಕಿತು. ಬಾಗಿಲ ಮುಂದೆ ಅಕ್ಕ ನೆಟ್ಟ ಒಂದು ನಿಂಬೆಗಿಡ ಮರವಾಗಿ ಕಾಯಿ ಬಿಟ್ಟಿತ್ತು. ಅವರು ನಾಲ್ಕು ಕಾಯಿ ಕಿತ್ತು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಗಣಿಗೆ ಹೋದವರು ಏನು ತಂದಾರು ಎಂದು ಕೇಳಿದವರಿಗೆ ಕೊನೆಗೆ ಉತ್ತರ ಸಿಕ್ಕಿತೆನ್ನಿ.

ತಂದಿದ್ದ ಬುತ್ತಿ ಬಿಚ್ಚಿ ಉಣ್ಣುವಾಗ ಮಾತು ಬಿಸಿಯೇರಿತು. ಒಬ್ಬ ಹುಡುಗ, "ಈ ಗುಡ್ಡವನ್ನು ಕೊರೆಯಲು ಬಿಟ್ಟದ್ದೇ ತಪ್ಪು" ಎಂದ. ಗೌಡರು ಒಪ್ಪಲಿಲ್ಲ. ಅವರ ತಂದೆಯವರು ಹಾಲು, ತರಕಾರಿ, ಬಾಳೆಹಣ್ಣನ್ನು ಜೀಪಿನಲ್ಲಿ ಈ ಊರಿಗೆ ತಂದು ಮಾರಿ ಗೌಡರನ್ನು ಕಾಲೇಜು ಓದಿಸಿದ್ದು. "ಕಾಫಿಗೆ ಬೆಲೆ ಬಿದ್ದು 2001-02ರಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದಿದ್ದಾಗ ಈ ಊರಿನ ವ್ಯಾಪಾರ ನಮ್ಮ ಮನೆಯನ್ನು ಹಿಡಿದು ನಿಲ್ಲಿಸಿತು" ಎಂದರು. ಇನ್ನೊಬ್ಬರು, ಉದ್ಯಾನದ ಗಡಿಯೊಳಗೇ ಉಳಿದ ಒಕ್ಕಲುಗಳ ಮಾತೆತ್ತಿದರು. ಗಣಿ ನಿಂತಿತು, ಸರಿ. ಆದರೆ ಅವರ ರಸ್ತೆ, ವಿದ್ಯುತ್ತು, ತೋಟದ ಹಕ್ಕು? ಕಾಡು ಉಳಿಸುವ ಭಾರವನ್ನು ಎರಡೆಕರೆಯವರ ತಲೆಯ ಮೇಲೆಯೇ ಹೊರಿಸಬೇಕೇ? ಇದಕ್ಕೆ ನಮ್ಮಲ್ಲಿ ಯಾರೂ ಉತ್ತರ ಹೇಳಲಿಲ್ಲ.

ಎಲ್ಲರೂ ಭಾವನ ಮೋರೆ ನೋಡಿದೆವು. ಕೆಲಸ ಕಳೆದುಕೊಂಡವರು ಅವರಲ್ಲವೇ? ಅವರು ಹೇಳಿದ್ದು ಇಷ್ಟು: "ಕಂಪನಿ ನನ್ನ ಮಕ್ಕಳನ್ನು ಓದಿಸಿತು, ನಾನು ಬೈಯಲಾರೆ. ನಿಂತದ್ದಕ್ಕೆ ಮೊದಲ ಹತ್ತು ವರ್ಷ ಅತ್ತೆ. ಈಗ ಬೇಸಗೆಯಲ್ಲಿ ಈ ಹೊಳೆಯ ನೀರು ನೋಡಿದರೆ ಅಳು ಬರುವುದಿಲ್ಲ. ಎರಡೂ ನಿಜ. ಯಾವುದೋ ಒಂದನ್ನು ಆರಿಸು ಎಂದರೆ ನನ್ನಿಂದ ಆಗುವುದಿಲ್ಲ."

ಅಯಸ್ಕಾಂತದ ಆಟ

ಊಟವಾದ ಮೇಲೆ ಭಾವ ಜೇಬಿನಿಂದ ಒಂದು ಕಪ್ಪು ಬಿಲ್ಲೆ ತೆಗೆದರು. ಹಳೆಯ ರೇಡಿಯೋ ಸ್ಪೀಕರಿನ ಅಯಸ್ಕಾಂತ. ರಸ್ತೆಬದಿಯ ಚರಂಡಿಯ ಮರಳಿನಲ್ಲಿ ಅದನ್ನು ಎಳೆದರು. ಬಿಲ್ಲೆಯ ಮೇಲೆ ಕಪ್ಪು ಹುಡಿ ಕಂಬಳಿಹುಳುವಿನ ಕೂದಲಿನಂತೆ ನಿಮಿರಿ ನಿಂತಿತು. ಹುಡುಗರು ಮುಗಿಬಿದ್ದರು.

"ಇದು ಗಣಿಯಿಂದ ಬಂದ ಹೂಳೋ?" ಎಂದು ನನ್ನ ಮಗ ಕೇಳಿದ.

"ಹೇಗೆ ಹೇಳುವುದು ಮಗಾ? ಗಣಿ ಬರುವ ಮೊದಲೂ ಮಳೆ ಈ ಗುಡ್ಡವನ್ನು ತೊಳೆಯುತ್ತಿತ್ತು, ಆಗಲೂ ಹೊಳೆಯಲ್ಲಿ ಕಪ್ಪು ಮರಳಿತ್ತು. ಕಬ್ಬಿಣವನ್ನು ಅಯಸ್ಕಾಂತ ಹಿಡಿಯುತ್ತದೆ. ಯಾರು ಕೆರೆದದ್ದು ಎಂದು ಅದು ಹೇಳುವುದಿಲ್ಲ. ಒಂದು ಮಾತ್ರ ನಿಜ. ಹುಲ್ಲು ಹೊದ್ದ ಗುಡ್ಡದಿಂದ ಬರುವುದು ಒಂದು ಮುಷ್ಟಿ, ಕೆರೆದ ಗುಡ್ಡದಿಂದ ಬರುವುದು ಒಂದು ಗಾಡಿ. ಕೆರೆದವನು ಕಂಪನಿಯಾದರೇನು, ಒಕ್ಕಲಾದರೇನು?"

ನಾನು ಮಗನ ಕಡೆ ನೋಡಲಿಲ್ಲ. ಅವನೂ ನನ್ನ ಕಡೆ ನೋಡಲಿಲ್ಲ. ಆದರೆ ಭಾವನಿಗೆ ನಮ್ಮ ಮನೆಯ ಜಗಳ ಗೊತ್ತಿತ್ತೆಂದು ನನಗೆ ಆಗ ಅನುಮಾನವಾಯಿತು. ಅಕ್ಕನಿಗೆ ಫೋನಿನಲ್ಲಿ ಹೇಳದೆ ನನ್ನವಳು ಯಾವುದನ್ನು ಬಿಟ್ಟಿದ್ದಾಳೆ?

ಹಿಂದಿರುಗಿದ ದಾರಿ

ಮೂರು ಗಂಟೆಗೆ ಹೊರಟೆವು. ಸಂಸೆ ದಾಟುವ ಹೊತ್ತಿಗೆ ಗುಡುಗು, ಹಿಂಗಾರಿನ ಮಳೆ. ಒಂದು ಬಸ್ ತಂಗುದಾಣದಲ್ಲಿ ಹನ್ನೊಂದು ಮಂದಿಯೂ ಮುದುರಿ ನಿಂತೆವು. ಅರ್ಧ ಗಂಟೆಯಲ್ಲಿ ರಸ್ತೆಯೇ ಹಳ್ಳವಾಯಿತು. ಯೆಜ್ಡಿ ಎರಡು ಸಲ ಕೆಮ್ಮಿ, ಕಿಕ್ಕರ್ ಹೊಡೆದ ಮೇಲೆ ಹೊರಟಿತು. ಹೊಸ ಗಾಡಿಗಳಲ್ಲಿ ಒಂದು ಹೊರಡಲೇ ಇಲ್ಲ. ನಗುವ ಸರದಿ ನನ್ನದಾಯಿತು.

ಮನೆ ಮುಟ್ಟಿದಾಗ ಸಂಜೆಯ ಬೆಳಕು ಇನ್ನೂ ಇತ್ತು. ಅಂಗಳದಲ್ಲಿ ಗಾಡಿ ನಿಲ್ಲಿಸುವಾಗಲೇ ಹಿಂದಿನಿಂದ ನೀರಿನ ಸದ್ದು. ಹೋಗಿ ನೋಡಿದರೆ ತೋಟದ ಬಸಿಗಾಲುವೆಯಲ್ಲಿ ನೀರು ಇಟ್ಟಿಗೆ ಬಣ್ಣದಲ್ಲಿ ಹರಿಯುತ್ತಿತ್ತು. ಕಳೆದ ಮೇ ತಿಂಗಳಲ್ಲಿ ಮಗ ಗುಡ್ಡದ ಮೇಲೆ ಯಂತ್ರ ಹತ್ತಲು ಇನ್ನೂರು ಅಡಿ ದಾರಿ ಕಡಿಸಿದ್ದ. ಅಷ್ಟೇ ದಾರಿ, ಅಷ್ಟೇ ಮಳೆ. ದಾರಿಯ ಒಂದು ಮಗ್ಗುಲು ಕುಸಿದು, ಕೆಳಗಿನ ಎರಡು ಸಾಲು ಅಡಿಕೆ ಮರಗಳ ಬುಡದಲ್ಲಿ ಮೊಣಕಾಲಿನ ಅರ್ಧಕ್ಕೆ ಕೆಸರು ನಿಂತಿತ್ತು. ಆ ನೀರು ನೇರ ಭದ್ರೆಗೆ ಹೋಗುತ್ತಿತ್ತು.

ನಮ್ಮ ತಂದೆಯವರು ಇದ್ದಾಗ ಪ್ರತಿ ಮಳೆಗಾಲ ತೋಟಕ್ಕೆ ಹೂಳು ನುಗ್ಗಿದಾಗಲೂ "ಮೇಲಿನವರು ಮಾಡಿದ್ದು" ಎನ್ನುತ್ತಿದ್ದರು. ನಾನೂ ಹಾಗೆಯೇ ಹೇಳುತ್ತ ಬಂದವನು. ನಮ್ಮ ಕೆಳಗೂ ತೋಟಗಳಿವೆ, ಅವರಿಗೆ ನಾವೇ ಮೇಲಿನವರು ಎಂಬುದು ಆ ಸಂಜೆಯವರೆಗೆ ನನಗೆ ಹೊಳೆದಿರಲಿಲ್ಲ.

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟಿನಲ್ಲಿ ನಮ್ಮ ಮೂಡಿಗೆರೆ ಕಡೆಯಲ್ಲಿ ಗುಡ್ಡಗಳು ಜಾರಿ ತೋಟ, ಮನೆಗಳು ಹೋದದ್ದನ್ನು ನಾವು ಕಂಡಿದ್ದೇವೆ. ಎಲ್ಲ ಕುಸಿತಕ್ಕೂ ಯಂತ್ರವೇ ಕಾರಣವೆಂದು ನಾನು ಹೇಳುವುದಿಲ್ಲ. ಆ ಮಳೆಯೂ ಸಾಮಾನ್ಯವಾದದ್ದಲ್ಲ. ಆದರೆ ಓರೆಯ ಬುಡವನ್ನು ನೆಟ್ಟಗೆ ಕಡಿದು, ಬೇರನ್ನು ತೆಗೆದು, ನೀರಿಗೆ ದಾರಿ ತಪ್ಪಿಸಿದರೆ ಗುಡ್ಡದ ಹಿಡಿತ ಸಡಿಲವಾಗುತ್ತದೆ ಎಂಬುದಕ್ಕೆ ವಿಜ್ಞಾನಿ ಬೇಕಿಲ್ಲ.

ಮಗ ಟಾರ್ಚು ಹಿಡಿದು ಬಹಳ ಹೊತ್ತು ನಿಂತಿದ್ದ. ಏನೂ ಹೇಳಲಿಲ್ಲ. ನಾನೂ "ನೋಡಿದೆಯಾ?" ಎನ್ನಲಿಲ್ಲ. ಆ ಮಾತು ನಾಲಿಗೆಯ ತುದಿಯಲ್ಲಿತ್ತು, ನುಂಗಿಕೊಂಡೆ. ಮರುದಿನ ಬೆಳಿಗ್ಗೆ ಕಾಫಿ ಕುಡಿಯುವಾಗ ಅವನೇ ತೆಗೆದ: "ಅಪ್ಪಯ್ಯ, ಮೇಲಿನ ಎರಡೆಕರೆ ಮುಟ್ಟುವುದು ಬೇಡ. ಕೆಳಗಿನ ಒಂದೆಕರೆ ಓರೆ ಕಡಿಮೆ. ಮರ ಉಳಿಸಿ, ಆಳಿನಿಂದ ಗುಂಡಿ ತೆಗೆಸಿ ಕಾಫಿ ಹಾಕುತ್ತೇನೆ. ಅದಕ್ಕೂ ಬೇಡ ಎನ್ನಬೇಡಿ."

ಬೇಡ ಎನ್ನಲಿಲ್ಲ. ಹಳದಿ ಎಲೆ ರೋಗದ ತೋಟದಲ್ಲಿ ಏನು ಮಾಡುವುದೆಂಬ ಅವನ ಪ್ರಶ್ನೆ ಹಾಗೆಯೇ ಇದೆ. ಒಂದೆಕರೆ ಕಾಫಿ ಅದಕ್ಕೆ ಪೂರ್ತಿ ಉತ್ತರವಲ್ಲ, ಅದು ಇಬ್ಬರಿಗೂ ಗೊತ್ತು. ಆದರೆ ಈಗ ಇಬ್ಬರೂ ಕುಳಿತು ಮಾತಾಡುತ್ತೇವೆ.

ಸದಸ್ಯರಿಗೆ ಎರಡು ಮಾತು

ಓರೆಯಲ್ಲಿ ತೋಟವಿರುವವರು ಈ ತಿಂಗಳನ್ನು ಕಳೆಯಬೇಡಿ. ನೆಲ ಮೆತ್ತಗಿರುವಾಗಲೇ ಕಾಫಿಯ ಸಾಲುಗಳ ನಡುವೆ, ಓರೆಗೆ ಅಡ್ಡವಾಗಿ, ಒಂದು ಅಡಿ ಅಗಲ ಒಂದೂವರೆ ಅಡಿ ಆಳದ ತೊಟ್ಟಿಲುಗುಂಡಿಗಳನ್ನು ತೆಗೆಸಿ. ಒಂದರ ನೇರಕ್ಕೆ ಇನ್ನೊಂದು ಬಾರದಂತೆ ಸಾಲು ತಪ್ಪಿಸಿ ಇರಲಿ. ಮೇಲಿನಿಂದ ಬರುವ ಮಣ್ಣು, ತರಗೆಲೆ ಅದರಲ್ಲೇ ನಿಂತು ಗೊಬ್ಬರವಾಗುತ್ತದೆ, ನೀರು ಇಂಗುತ್ತದೆ. ಅಡಿಕೆ ತೋಟದ ಬಸಿಗಾಲುವೆಯ ತಲೆಯಲ್ಲಿ ಒಂದು ಹೂಳುಗುಂಡಿ ಇಟ್ಟು, ಮಳೆಗಾಲ ಕಳೆದ ಮೇಲೆ ಅದರ ಮಣ್ಣನ್ನು ಮರದ ಬುಡಕ್ಕೇ ಮರಳಿ ಹಾಕಿ. ಕಡಿದ ದಾರಿಯ ಅಂಚಿಗೆ ಲಾವಂಚ ನೆಡಿ. ನಮ್ಮ ಇನ್ನೂರು ಅಡಿಗೆ ನಾವು ನೆಟ್ಟಾಯಿತು.

ಇನ್ನು ಮೋಟಾರು ಸೈಕಲ್ಲಿನ ಮಾತು. ಮುಂದಿನ ಪ್ರವಾಸ ಕಾಫಿ ಕೊಯ್ಲು ಮುಗಿದ ಮೇಲೆ. ಬರುವವರು ಸಂಘದ ಕಚೇರಿಯಲ್ಲಿ ಹೆಸರು ಕೊಡಬಹುದು. ಇಬ್ಬರಿಗೂ ಹೆಲ್ಮೆಟ್ ಇರಲಿ, ಮಳೆಯಂಗಿ ಇರಲಿ, ಕಾಡಿನ ಗೇಟಿನ ಹೊತ್ತು ತಪ್ಪದಿರಲಿ. ಹಳೆಯ ಗಾಡಿಯೆಂದು ಯಾರೂ ಸಂಕೋಚಪಡಬೇಕಾಗಿಲ್ಲ. ಭಾವ ಈಗಾಗಲೇ ತಮ್ಮ ಹೆಸರನ್ನು ಮೊದಲು ಬರೆಸಿದ್ದಾರೆ. ನಿಂಬೆಕಾಯಿಯ ಉಪ್ಪಿನಕಾಯಿ ಅಕ್ಕ ಹಾಕಿದ್ದಾಳೆ, ಬುತ್ತಿಗೆ ಅದು ಬರುತ್ತದೆ.